ಮಿಲ್ಸ್ ಅಂಡ್ ಬೂನ್ ಥರದ ಪುಟ್ಟ ಪ್ರೇಮ ಕಾದಂಬರಿಗಳಲ್ಲಿ ಅಂಥದ್ದೇನಿದೆ? ಬರೆಯಲು ಕೂತವರು ಎಡವುವುದೆಲ್ಲಿ?

ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಎಲ್ಲವೂ ಒಂದೇ ಕಥೆ, ಕೊನೆಯೂ ಮೊದಲೇ ಗೊತ್ತು, ಆದರೂ ಜನ ಯಾಕೆ ಓದುತ್ತಾರೆ ಅನ್ನುವುದು ಒಂದು. ಕನ್ನಡದಲ್ಲಿ ಅಂಥದೊಂದನ್ನು ಬರೆಯಬೇಕೆಂದಿದ್ದೀರಿ, ಏನೇನು ಕೆಡಬಹುದು ಅನ್ನುವುದು ಇನ್ನೊಂದು. ಮೊದಲನೆಯದು ಸರಿಯಾಗಿ ಅರ್ಥವಾದರೆ ಎರಡನೆಯದರ ಅರ್ಧ ಕೆಲಸ ಮುಗಿದಂತೆ.

ಸ್ವಲ್ಪ ಹಿನ್ನೆಲೆ. ಮಿಲ್ಸ್ ಅಂಡ್ ಬೂನ್ ಒಂದು ಪ್ರಕಾಶನ ಸಂಸ್ಥೆ. 1908ರಲ್ಲಿ ಲಂಡನ್ನಿನಲ್ಲಿ ಶುರುವಾದಾಗ ಎಲ್ಲ ಬಗೆಯ ಪುಸ್ತಕ ತರುತ್ತಿತ್ತು. ಪ್ರೇಮ ಕಾದಂಬರಿಗೇ ಅಂಟಿಕೊಂಡಿದ್ದು 1930ರ ದಶಕದಲ್ಲಿ. ಕೆನಡಾದ ವಿನಿಪೆಗ್‌ನಲ್ಲಿ 1949ರಲ್ಲಿ ಹುಟ್ಟಿದ ಹಾರ್ಲೆಕ್ವಿನ್ ಪ್ರಕಾಶನ 1957ರಿಂದ ಇವರ ಪುಸ್ತಕಗಳನ್ನು ಮರುಮುದ್ರಿಸಿತು, 1971ರಲ್ಲಿ ಕಂಪನಿಯನ್ನೇ ಕೊಂಡಿತು. ಇವರ ಪದ್ಧತಿಯೇ ಬೇರೆ. ವೈದ್ಯರ ಕಥೆಗಳದ್ದೊಂದು ಸಾಲು ಅಂದರೆ ಸರಣಿ, ಚಾರಿತ್ರಿಕ ಕಥೆಗಳದ್ದೊಂದು, ಶ್ರೀಮಂತ ನಾಯಕರದ್ದೊಂದು. ಪ್ರತಿ ಸಾಲಿನಿಂದ ತಿಂಗಳಿಗೆ ಇಷ್ಟೇ ಪುಸ್ತಕ, ಇಷ್ಟೇ ಉದ್ದ. ಹೆಚ್ಚಿನ ಸಾಲುಗಳಲ್ಲಿ ಇಂಗ್ಲಿಷಿನ 50,000 ಪದಗಳ ಆಸುಪಾಸು, ಚಾರಿತ್ರಿಕದಲ್ಲಿ 70,000 ದಾಟುತ್ತದೆ. ಮುಂದಿನ ತಿಂಗಳ ಕಂತು ಬಂದಾಗ ಹಿಂದಿನದು ಅಂಗಡಿಯಿಂದ ಇಳಿಯುತ್ತದೆ. ಇದಕ್ಕೇ ಕ್ಯಾಟಗರಿ ರೊಮ್ಯಾನ್ಸ್ ಅನ್ನುತ್ತಾರೆ. ಓದುಗರು ಎಷ್ಟೋ ಸಲ ಲೇಖಕಿಯ ಹೆಸರಿಗಿಂತ ಮೊದಲು ಸಾಲನ್ನು ನೋಡಿ ಕೊಳ್ಳುತ್ತಾರೆ.

ಈಗ ಸೆಳೆತದ ಮಾತು. ತಾಳಮದ್ದಲೆಗೆ ಹೋಗುವವರಿಗೆ ಕರ್ಣ ಸಾಯುತ್ತಾನೆಂದು ಗೊತ್ತಿಲ್ಲವೇ? ಗೊತ್ತಿದ್ದೇ ಹೋಗುತ್ತಾರೆ, ಪಾತ್ರದ ಮಾತು ಕಟ್ಟುವ ಅರ್ಥಧಾರಿ ಅವನನ್ನು ಆ ಗಳಿಗೆಗೆ ಹೇಗೆ ತಂದು ನಿಲ್ಲಿಸುತ್ತಾನೆಂದು ಕೇಳಲು. ಈ ಪುಸ್ತಕಗಳಲ್ಲೂ ಹಾಗೇ. ಇಬ್ಬರೂ ಒಂದಾಗುತ್ತಾರೆಂಬ ಭರವಸೆ ರಕ್ಷಾಪುಟದಲ್ಲೇ ಇದೆ. ಹಾಗಾಗಿ ಓದುಗಿಗೆ 'ಏನಾಗುತ್ತದೋ' ಎಂಬ ಆತಂಕವಿಲ್ಲ. ಅವಳ ಗಮನವೆಲ್ಲ ಹೇಗೆ ಎಂಬುದರ ಮೇಲೆ: ಯಾರು ಮೊದಲು ಸೋತರು, ಯಾವ ಮಾತಿಗೆ ಸೋತರು, ಬಾಯಿಗೆ ಬಂದ ಯಾವ ಮಾತನ್ನು ನುಂಗಿಕೊಂಡರು. ಸಾಧಾರಣ ವೇಗದವರಿಗೆ ಮೂರೂವರೆ ಗಂಟೆಯ ಓದು. ಅಡುಗೆಮನೆ ಕೆಲಸ ಮುಗಿಸಿ ಕೂತರೆ ಮಲಗುವ ಮುಂಚೆ ಒಂದು ಇಡೀ ಬದುಕು ಸರಿಹೋಗಿರುತ್ತದೆ. ಅಮೆರಿಕದ ವಿದ್ವಾಂಸೆ ಜಾನಿಸ್ ರಾಡ್‌ವೇ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಓದುಗಿಯರು ಹೇಳಿದ್ದೂ ಇದನ್ನೇ: ಪುಸ್ತಕ ಕೈಯಲ್ಲಿರುವಷ್ಟು ಹೊತ್ತು ಮನೆಯವರು ಯಾರೂ ತಮ್ಮನ್ನು ಕೇಳುವಂತಿಲ್ಲ, ಅದು ತಮ್ಮದೇ ಹೊತ್ತು. ಇದನ್ನು ಹಗುರವಾಗಿ ಕಾಣುವವರ ಮಾತನ್ನು ನಾನು ಒಪ್ಪುವುದಿಲ್ಲ.

ಬರೆಯುವವರು ಎಡವುವ ಮೊದಲ ಜಾಗ ಇಬ್ಬರ ನಡುವಿನ ತೊಡಕು. ಎಷ್ಟೋ ಹಸ್ತಪ್ರತಿಗಳು ಇಲ್ಲೇ ಸಾಯುತ್ತವೆ. ಅವಳು ಅವನನ್ನು ಇನ್ನೊಬ್ಬ ಹುಡುಗಿಯ ಜೊತೆ ನೋಡುತ್ತಾಳೆ, ಮುನಿಸಿಕೊಳ್ಳುತ್ತಾಳೆ, ನೂರು ಪುಟದ ನಂತರ ಅದು ಅವನ ತಂಗಿ ಎಂದು ತಿಳಿಯುತ್ತದೆ. ಒಂದು ಫೋನ್ ಮಾಡಿದ್ದರೆ ಬಗೆಹರಿಯುತ್ತಿದ್ದ ಸಂಗತಿಗೆ ನೂರು ಪುಟ ಹೊರುವ ಶಕ್ತಿ ಇರುವುದಿಲ್ಲ. ಓದುಗಿಗೆ ಇಬ್ಬರೂ ಪೆದ್ದರೆನಿಸುತ್ತಾರೆ, ಪೆದ್ದರ ಪ್ರೀತಿಯ ಮೇಲೆ ಅವಳಿಗೆ ನಂಬಿಕೆ ಬರುವುದಿಲ್ಲ.

ತೊಡಕು ಅವರ ಸ್ವಭಾವದೊಳಗಿಂದ ಬರಬೇಕು. ಒಂದು ಉದಾಹರಣೆ ಕಟ್ಟಿ ತೋರಿಸುತ್ತೇನೆ. ಸಕಲೇಶಪುರದ ಕಡೆ ಅಪ್ಪ ಬಿಟ್ಟುಹೋದ ಇಪ್ಪತ್ತೆಕರೆ ಕಾಫಿ ತೋಟವನ್ನು ಒಬ್ಬಳೇ ನಡೆಸುವ ಹುಡುಗಿ. ಸಾಲ ತೀರಿಸಲು 'ಸಹಾಯ' ಮಾಡಿದ ದೊಡ್ಡಪ್ಪ ಅರ್ಧ ತೋಟ ಬರೆಸಿಕೊಂಡಿದ್ದಾನೆ. ಸಹಾಯ ಅಂದರೆ ಕಿತ್ತುಕೊಳ್ಳುವ ಮೊದಲ ಹೆಜ್ಜೆ ಎಂಬುದು ಅವಳ ಅನುಭವ. ಪಕ್ಕದ ತೋಟದವನು ಬಾಯಿ ಬಿಟ್ಟು ಏನನ್ನೂ ಕೇಳದವನು. ಕೇಳಿದ್ದೆಲ್ಲಕ್ಕೂ 'ಬೇಡ' ಎಂದೇ ಉತ್ತರ ಬರುತ್ತಿದ್ದ ಮನೆಯಲ್ಲಿ ಬೆಳೆದವನು. ಅವನಿಗೆ ಪ್ರೀತಿ ಅಂದರೆ ಕೇಳದೆ ಮಾಡಿಬಿಡುವುದು. ಜನವರಿಯಲ್ಲಿ ಅಕಾಲದ ಮಳೆ. ಅವಳ ಕಣದ ತುಂಬ ಒಣಹಾಕಿದ ಕಾಫಿ. ಅವಳು ಓಡಿಬರುವಷ್ಟರಲ್ಲಿ ಅವನು ತೋಟದ ಲೆಕ್ಕ ನೋಡುವ ತನ್ನ ರೈಟರನ್ನೂ ಹತ್ತು ಆಳುಗಳನ್ನೂ ಕಳಿಸಿ ಕಣಕ್ಕೆಲ್ಲ ಟಾರ್ಪಾಲು ಹೊದಿಸಿಬಿಟ್ಟಿದ್ದಾನೆ. ಕಾಫಿ ಉಳಿಯಿತು. ಆದರೆ ಅವಳು ಟಾರ್ಪಾಲಿನ ಮೂಲೆಯಲ್ಲಿ ಬಣ್ಣದಲ್ಲಿ ಬರೆದ ಅವನ ತೋಟದ ಹೆಸರನ್ನೇ ನೋಡುತ್ತ ನಿಲ್ಲುತ್ತಾಳೆ.

ಇಲ್ಲಿ ಯಾರೂ ಕೆಟ್ಟವರಲ್ಲ, ಯಾರೂ ಸುಳ್ಳು ಹೇಳಿಲ್ಲ, ಫೋನ್ ಮಾಡಿದರೆ ಬಗೆಹರಿಯುವುದೂ ಇಲ್ಲ. ಅವನು ತನ್ನ ಕೈಲಾದ ಒಳ್ಳೆಯದನ್ನು ಮಾಡಿದಷ್ಟೂ ಅವಳ ಹಳೆ ಗಾಯಕ್ಕೇ ತಾಗುತ್ತದೆ. ಇಂಥ ತೊಡಕು ಸಿಕ್ಕರೆ ಮಧ್ಯದ ಪುಟಗಳು ತಾವಾಗಿ ನಡೆಯುತ್ತವೆ. ಕೊನೆಯೂ ಅದರಲ್ಲೇ ಇದೆ: ಎರಡನೇ ಮಳೆ ಬಂದಾಗ ಅವನು ಬೇಲಿಯ ಹತ್ತಿರ ನೆನೆಯುತ್ತ ನಿಂತು 'ಟಾರ್ಪಾಲು ತರಲಾ?' ಎಂದು ಕೇಳಬೇಕು. ಕೇಳುವುದು ಅವನಿಗೆ ಕಷ್ಟ, 'ತನ್ನಿ' ಅನ್ನುವುದು ಅವಳಿಗೆ ಕಷ್ಟ.

ಇನ್ನು ಅಳತೆ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯಗಳು ಪದಕ್ಕೇ ಅಂಟುವುದರಿಂದ ('ಇನ್ ದ ಹೌಸ್' ಮೂರು ಪದ, 'ಮನೆಯಲ್ಲಿ' ಒಂದೇ) ಇಂಗ್ಲಿಷಿನ 50,000ಕ್ಕೆ ನಮ್ಮಲ್ಲಿ ಹೆಚ್ಚುಕಡಿಮೆ 35,000 ಪದ ಸಾಕು. ಸುಮಾರು ಮೂರು ಸಾವಿರದಂತೆ ಹನ್ನೆರಡು ಅಧ್ಯಾಯ ಇಟ್ಟುಕೊಳ್ಳಿ. ಮೊದಲ ಮೂರು ಪುಟದೊಳಗೆ ಇಬ್ಬರೂ ಎದುರುಬದುರಾಗಬೇಕು. ಮೊದಲ ಅಧ್ಯಾಯ ಮುಗಿಯುವಾಗ ಒಬ್ಬರನ್ನೊಬ್ಬರು ಬಿಟ್ಟು ಹೋಗಲಾಗದ ಕಾರಣ ಸಿಕ್ಕಿರಬೇಕು: ಒಂದೇ ಕೆಲಸ, ಒಂದೇ ಮನೆ, ಒಂದೇ ದಾರಿ, ಯಾವುದಾದರೂ ಸರಿ. 28,000ರಿಂದ 30,000ದ ನಡುವೆ ಎಲ್ಲ ಮುರಿದುಬೀಳುವ ಘಟನೆ. ಉಳಿದ ಐದಾರು ಸಾವಿರ ಪದ ಪೂರ್ತಿ ಅದನ್ನು ಕಟ್ಟಲು ಬೇಕು. ಹೊಸಬರು ಮುರಿಯುವುದನ್ನು ಕೊನೆಯ ಅಧ್ಯಾಯಕ್ಕೆ ತಳ್ಳಿ, ಮೂರು ಪುಟದಲ್ಲಿ 'ನಾನು ನಿನ್ನನ್ನು ಪ್ರೀತಿಸುತ್ತೇನೆ' ಹೇಳಿಸಿ ಮುಗಿಸುತ್ತಾರೆ. ಮಾತಿನಿಂದ ಮುರಿದದ್ದಲ್ಲ, ಮಾತಿನಿಂದಷ್ಟೇ ಸೇರುವುದೂ ಇಲ್ಲ.

ಹಿನ್ನೆಲೆಯ ಕಥೆಯನ್ನು ಮೊದಲ ಅಧ್ಯಾಯದಲ್ಲೇ ಸುರಿಯಬೇಡಿ. ದೊಡ್ಡಪ್ಪನ ವಿಷಯ ಟಾರ್ಪಾಲಿನ ದೃಶ್ಯದ ನಂತರ ಬಂದರೆ ಸಾಕು, ಆಗ ಓದುಗಿಗೇ ಅದು ಬೇಕಾಗಿರುತ್ತದೆ. ಪೋಷಕ ಪಾತ್ರ ಮೂರೋ ನಾಲ್ಕೋ, ಅದಕ್ಕಿಂತ ಹೆಚ್ಚು ಬೇಡ. ನಮ್ಮ ವಾರಪತ್ರಿಕೆಗಳ ಧಾರಾವಾಹಿ ಓದಿ ಬೆಳೆದವರಿಗೆ ಇದು ಕಷ್ಟ. ಅಲ್ಲಿ ಅತ್ತೆ, ನಾದಿನಿ, ಪಕ್ಕದ ಮನೆ ಎಲ್ಲಕ್ಕೂ ಜಾಗವಿತ್ತು, ವಾರವಾರ ಎಳೆಯಲೂ ಬಹುದಿತ್ತು. ಇಲ್ಲಿ ಅತ್ತೆಗೆ ಎರಡು ಅಧ್ಯಾಯ ಕೊಟ್ಟರೆ ಪ್ರೇಮಕ್ಕೆ ಎರಡು ಅಧ್ಯಾಯ ಕಡಿಮೆಯಾಯಿತು.

ಇಂಗ್ಲಿಷಿನವರಿಗೆ ಇಲ್ಲದ ಒಂದು ಸಲಕರಣೆ ನಮ್ಮಲ್ಲಿದೆ, ದಯವಿಟ್ಟು ಬಳಸಿ: 'ನೀವು' ಮತ್ತು 'ನೀನು'. ಅವರಿಗೆ ಎಲ್ಲರೂ 'ಯೂ'. ನಮ್ಮಲ್ಲಿ ಅವಳು ಅವನನ್ನು ನೂರು ಪುಟ 'ನೀವು' ಅಂದು, ಒಂದು ಸಿಟ್ಟಿನ ಗಳಿಗೆಯಲ್ಲಿ 'ನೀನು ಯಾರು ನನ್ನ ಕಣಕ್ಕೆ ಕೈಹಾಕೋಕೆ?' ಅಂದುಬಿಟ್ಟರೆ ಇಬ್ಬರೂ ಒಂದು ಕ್ಷಣ ತಡೆದು ನಿಲ್ಲುತ್ತಾರೆ. ಆಮೇಲೆ ಅವಳು ಮತ್ತೆ 'ನೀವು'ಗೆ ಮರಳಿದರೆ ಅದು ಬಾಗಿಲು ಹಾಕಿಕೊಂಡಂತೆ. ಅವನು ಎಂದಿನಿಂದ ಅವಳನ್ನು ಏಕವಚನದಲ್ಲಿ ಕರೆಯುತ್ತಾನೆ, ಅವಳು ಅದನ್ನು ಒಪ್ಪಿದಳೇ ಎಂಬುದನ್ನು ಮೊದಲೇ ನಿರ್ಧರಿಸಿಕೊಳ್ಳಿ. ಅದು ಬಿಟ್ಟು 'ಉಕ್ಕಿನಂಥ ಕಣ್ಣುಗಳು', 'ಅವಳ ಬೆನ್ನುಹುರಿಯಲ್ಲಿ ವಿದ್ಯುತ್' ಎಂದೆಲ್ಲ ಬರೆದರೆ ಅನುವಾದದ ವಾಸನೆ ಬರುತ್ತದೆ.

ನಾಯಕನ ವಿಷಯದಲ್ಲಿ ಎಚ್ಚರ ಬೇಕು. 1970 ಮತ್ತು 80ರ ದಶಕದ ಪುಸ್ತಕಗಳು ಹೆಚ್ಚಾಗಿ ನಾಯಕಿಯ ಕಣ್ಣಿನಿಂದಷ್ಟೇ ಕಥೆ ಹೇಳುತ್ತಿದ್ದವು. ಅವನ ಮನಸ್ಸು ಮುಚ್ಚಿದ ಪೆಟ್ಟಿಗೆ. ಅವನ ಒರಟುತನ, ಬಲವಂತದ ಮುತ್ತು ಎಲ್ಲದಕ್ಕೂ 'ಪ್ರೀತಿಯಿದ್ದದ್ದಕ್ಕೇ ಹಾಗೆ ಮಾಡಿದೆ' ಎಂಬ ವಿವರಣೆ ಕೊನೆಯಲ್ಲಿ ಸಿಗುತ್ತಿತ್ತು. ಇದು ಈ ಪ್ರಕಾರದ ನಿಜವಾದ ದೋಷ, ಅದನ್ನು ಮುಚ್ಚಿಡಬಾರದು. ಆಮೇಲಿನವರು ಅವನ ಮನಸ್ಸನ್ನೂ ತೆರೆದು ತೋರಿಸಿದರು, ಆಗ ಅವನು ಹೊರಗೆ ಬಿಗಿಯಾಗಿದ್ದರೂ ಒಳಗೆ ತೊಳಲುವುದು ಕಾಣುತ್ತದೆ. ನೀವೂ ಇಬ್ಬರ ಕಣ್ಣಿನಿಂದ ಬರೆಯಿರಿ, ಆದರೆ ಒಂದೇ ದೃಶ್ಯದೊಳಗೆ ಅತ್ತಿತ್ತ ಜಿಗಿಯಬೇಡಿ. ಆ ದೃಶ್ಯದಲ್ಲಿ ಯಾರು ಹೆಚ್ಚು ಕಳೆದುಕೊಳ್ಳುತ್ತಾರೋ ಅವರ ಕಣ್ಣು ಸಾಕು.

ಅಭ್ಯಾಸಕ್ಕೆಂದು ಓದುವುದಾದರೆ ಹಕ್ಕುಸ್ವಾಮ್ಯದ ಪುಟದಲ್ಲಿ ಇಸವಿ ನೋಡಿಕೊಳ್ಳಿ. ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದಂಗಡಿಗಳಲ್ಲಿ ಎಲ್ಲ ದಶಕದವೂ ಒಂದೇ ರಾಶಿಯಲ್ಲಿರುತ್ತವೆ. ಶ್ರೀಮಂತ ನಾಯಕರ ಸಾಲು ಬ್ರಿಟನ್ನಿನಲ್ಲಿ 'ಮಾಡರ್ನ್', ಅಮೆರಿಕದಲ್ಲಿ 'ಪ್ರೆಸೆಂಟ್ಸ್'. ಸಾಲು ಒಂದೇ, ರಕ್ಷಾಪುಟ ಬೇರೆ. ಹಿಂಬದಿ ಓದದೆ ಕೊಂಡರೆ ಒಂದೇ ಪುಸ್ತಕ ಎರಡು ಸಲ ಮನೆಗೆ ಬರುತ್ತದೆ. ಒಂದೇ ಸಾಲಿನ ಹತ್ತನ್ನು ಒಂದೇ ಉಸಿರಿಗೆ ಓದಬೇಡಿ, ನಾಲ್ಕನೆಯದಕ್ಕೇ ಕಥೆಯ ಸಿದ್ಧ ಅಚ್ಚು ಮಾತ್ರ ಕಾಣತೊಡಗುತ್ತದೆ, ಮನುಷ್ಯರು ಮರೆಯಾಗುತ್ತಾರೆ. ವಾರಕ್ಕೊಂದು ಓದಿ. ಎರಡನೇ ಓದಿನಲ್ಲಿ ಅಂಚಿನಲ್ಲಿ ಗುರುತು ಹಾಕಿ: ಎಲ್ಲಿ ಭೇಟಿ, ಎಲ್ಲಿ ಮೊದಲ ಸೋಲು, ಎಷ್ಟನೇ ಪುಟಕ್ಕೆ ಮುರಿಯಿತು.

ನಿಮ್ಮ ಕರಡು ಮುಗಿದಾಗ ಒಂದು ಕೆಂಪು ಪೆನ್ಸಿಲ್ ಹಿಡಿದು ಇಬ್ಬರೂ ಒಟ್ಟಿಗೆ ಇಲ್ಲದ ಪ್ರತಿ ಪುಟದ ಮೂಲೆಗೆ ಗೆರೆ ಎಳೆಯಿರಿ. ಸತತವಾಗಿ ಮೂರಕ್ಕಿಂತ ಹೆಚ್ಚು ಪುಟಕ್ಕೆ ಗೆರೆ ಬಿದ್ದ ಕಡೆಯೆಲ್ಲ ಕಥೆ ನಿಂತಿದೆ. ಕತ್ತರಿ ಹಾಕಲು ಅಲ್ಲಿಂದಲೇ ಶುರುಮಾಡಿ.