ಇಯರ್‌ಫೋನ್ ಬಟನ್ ಕೈಕೊಡುತ್ತಿದೆ, ಬ್ಯಾಟರಿ ನಿಲ್ಲುತ್ತಿಲ್ಲ: ಪ್ಲೇಯರ್ ಬದಲಿಸಬೇಕೆ?

ಕುಮಟಾ–ಶಿರಸಿ ಬಸ್ಸಿನಲ್ಲಿ ದಿನಾ ಆಂಡ್ರಾಯ್ಡ್ ಫೋನಿನಲ್ಲಿ ಯಕ್ಷಗಾನ ತಾಳಮದ್ದಲೆ ಕೇಳುತ್ತೀರಿ, ಯೂಟ್ಯೂಬಿನಲ್ಲೂ. ವೈರಿನ ಇಯರ್‌ಫೋನ್. ನಡುವೆ ತಾನಾಗಿ ನಿಲ್ಲುತ್ತದೆ, ನೀವೇ ನಿಲ್ಲಿಸಿದರೆ ಬಟನ್ ಒತ್ತಿದರೂ ಮತ್ತೆ ಶುರುವಾಗುವುದಿಲ್ಲ, ಸಂಜೆಯೊಳಗೆ ಬ್ಯಾಟರಿ ಖಾಲಿ. ಯಾವ ಪ್ಲೇಯರ್ ಆ್ಯಪ್ ಹಾಕಿಕೊಳ್ಳಲಿ ಎಂದು ಕೇಳಿದ್ದೀರಿ. ನನ್ನ ಕೇಳಿದರೆ ಈಗಿರುವುದನ್ನೇ ಇಟ್ಟುಕೊಳ್ಳಿ.

ಮೊದಲು ತಾನಾಗಿ ನಿಲ್ಲುವ ವಿಷಯ. ಇಯರ್‌ಫೋನಿನ ಪಿನ್ ನೋಡಿ, ಮೂರು ಕಪ್ಪು ಗೆರೆ, ನಾಲ್ಕು ಲೋಹದ ಭಾಗ ಇರುತ್ತದೆ: ಎಡ, ಬಲ, ಗ್ರೌಂಡ್, ಮೈಕ್. ಬಟನ್ನಿಗೆ ಅಂತ ಬೇರೆ ತಂತಿ ಇಲ್ಲ. ಒತ್ತಿದಾಗ ಮೈಕ್ ತಂತಿ ಗ್ರೌಂಡಿಗೆ ಸೇರುತ್ತದೆ, ಆಂಡ್ರಾಯ್ಡ್ ಫೋನು ಆ ಎರಡರ ನಡುವಿನ ರೆಸಿಸ್ಟೆನ್ಸ್, ಅಂದರೆ ಕರೆಂಟಿಗಿರುವ ತಡೆ, ನೋಡಿ ಯಾವ ಬಟನ್ ಎಂದು ಗುರುತಿಸುತ್ತದೆ. ಸೊನ್ನೆಯ ಹತ್ತಿರ ಇದ್ದರೆ ಪ್ಲೇ ಅಥವಾ ಪಾಸ್ (ತಡೆದು ನಿಲ್ಲಿಸು), 240 ಓಮ್ ಆಸುಪಾಸು ವಾಲ್ಯೂಮ್ ಏರಿಸು, 470ರ ಆಸುಪಾಸು ಇಳಿಸು. ನಮ್ಮ ಕರಾವಳಿಯ ಉಪ್ಪುಗಾಳಿ, ಬೆವರು, ಮಳೆಗಾಲದ ತೇವ ಪಿನ್ನಿನ ಮೇಲೋ ಬಟನ್ ಡಬ್ಬಿಯ ಒಳಗೋ ಕೂತರೆ ಕರೆಂಟಿಗೆ ಅಲ್ಲೊಂದು ಕಳ್ಳದಾರಿ ಸಿಗುತ್ತದೆ. ಯಾರೋ ಬಟನ್ ಒತ್ತಿದರು ಅಂತ ಫೋನು ತಿಳಿಯುತ್ತದೆ. ಒಮ್ಮೊಮ್ಮೆ ಕೇಳದೇ ಗೂಗಲ್ ಅಸಿಸ್ಟೆಂಟ್ ಎದ್ದು ಮಾತಾಡುವುದೂ ಇದಕ್ಕೇ.

ಅದೇ ಇಯರ್‌ಫೋನನ್ನು ಮನೆಯವರ ಫೋನಿಗೆ ಹಾಕಿ ನೋಡಿ. ಅಲ್ಲೂ ನಿಂತರೆ ದೋಷ ಇಯರ್‌ಫೋನಿನದು, ಅಲ್ಲಿ ಸರಿಯಿದ್ದರೆ ನಿಮ್ಮ ಫೋನಿನ ಜಾಕಿನದು. ಪಿನ್ನನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಲು ಬಿಡಿ. ಜಾಕಿನೊಳಗಿನ ಕಿಸೆಯ ಧೂಳನ್ನು ಫೋನ್ ಆಫ್ ಮಾಡಿ ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ತೆಗೆಯಿರಿ. ಸೂಜಿ, ಸೇಫ್ಟಿ ಪಿನ್ ಖಂಡಿತ ಬೇಡ, ಒಳಗಿನ ಸ್ಪ್ರಿಂಗ್ ಬಾಗಿದರೆ ಜಾಕನ್ನೇ ಬದಲಿಸಬೇಕಾಗುತ್ತದೆ.

ನಿಲ್ಲಿಸಿದ ಮೇಲೆ ಶುರುವಾಗದಿರುವುದು ಬೇರೆ ರೋಗ. ಹಾಡುತ್ತಿರುವಾಗ ಪ್ಲೇಯರಿಗೆ ಸಿಸ್ಟಮ್ ಸುಲಭಕ್ಕೆ ಕೈ ಹಚ್ಚುವುದಿಲ್ಲ. ಪಾಸ್ ಮಾಡಿ ಸ್ವಲ್ಪ ಹೊತ್ತಾದರೆ ಬ್ಯಾಟರಿ ಉಳಿಸುವ ನೆಪದಲ್ಲಿ ಮುಚ್ಚಿಬಿಡುತ್ತದೆ, ಆಮೇಲೆ ಬಟನ್ ಒತ್ತಿದರೆ ಕೇಳುವವರೇ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪಿನ ಬ್ಯಾಟರಿ ವಿಭಾಗಕ್ಕೆ ಹೋಗಿ ‘ಅನ್‌ರಿಸ್ಟ್ರಿಕ್ಟೆಡ್’ ಆರಿಸಿ. ಬ್ಯಾಟರಿ ಉಳಿಸುತ್ತೇವೆ ಎನ್ನುವ ಕ್ಲೀನರ್ ಆ್ಯಪ್ ಏನಾದರೂ ಇದ್ದರೆ ಇವತ್ತೇ ಅಳಿಸಿ, ಅವು ಉಳಿಸುವುದಕ್ಕಿಂತ ಕೆಡಿಸುವುದೇ ಜಾಸ್ತಿ. ‘ಅನ್‌ರಿಸ್ಟ್ರಿಕ್ಟೆಡ್’ ಮಾಡಿದರೆ ಬ್ಯಾಟರಿ ಬೇಗ ಇಳಿದೀತು ಎಂಬ ಹೆದರಿಕೆ ಬೇಡ. ಸ್ಕ್ರೀನ್ ಆಫ್ ಇದ್ದು ಫೋನಿನಲ್ಲೇ ಇರುವ ಆಡಿಯೊ ಹಾಡಿಸುವುದಕ್ಕೆ ತಗಲುವ ಖರ್ಚು ತೀರಾ ಕಡಿಮೆ.

ನಿಮ್ಮ ಬ್ಯಾಟರಿ ಹೋಗುತ್ತಿರುವುದು ಯೂಟ್ಯೂಬ್ ಮತ್ತು ದಾರಿಯ ದೇವಿಮನೆ ಘಟ್ಟ ಎರಡೂ ಸೇರಿ. ಯೂಟ್ಯೂಬ್ ವಿಡಿಯೊ ಓಡುವಾಗ ಸ್ಕ್ರೀನ್ ಉರಿಯುತ್ತಲೇ ಇರುತ್ತದೆ, ಅದು ಒಂದು. ಘಟ್ಟದ ಕಾಡಿನಲ್ಲಿ ಸಿಗ್ನಲ್ ಕುಂದಿದಷ್ಟೂ ಫೋನು ದೂರದ ಟವರಿಗೆ, ಹೊಳೆಯಾಚೆಯವರನ್ನು ಕೂಗಿದ ಹಾಗೆ, ಜೋರು ಮಾಡಿ ಕೂಗಬೇಕಾಗುತ್ತದೆ. ಆ ಕೂಗಿಗೇ ಚಾರ್ಜ್ ಕರಗುತ್ತದೆ. ತಾಳಮದ್ದಲೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಭಾಗವತಿಕೆಯ ಹಾಡು ಮತ್ತು ಅರ್ಥಗಾರಿಕೆಯ ಮಾತೇ ಜೀವ. ಅದಕ್ಕೆ ವಿಡಿಯೊ ಯಾಕೆ ಬೇಕು? ಆಡಿಯೊ ರೂಪದಲ್ಲಿ ಸಿಗುವ ಪ್ರಸಂಗವನ್ನು ರಾತ್ರಿಯೇ ಮನೆಯ ವೈಫೈನಲ್ಲಿ ಇಳಿಸಿಕೊಳ್ಳಿ. ಮಾತಿಗೆ 64 ಕೆಬಿಪಿಎಸ್ ಎಂಪಿ3 ಸಾಕು, ಗಂಟೆಗೆ ಸುಮಾರು 29 ಎಂಬಿ, ಐದು ಗಂಟೆಯ ಪ್ರಸಂಗವೂ 150 ಎಂಬಿ ದಾಟುವುದಿಲ್ಲ. ಕರೆ ಬರಬೇಕಾದ ಹೊತ್ತಲ್ಲದಿದ್ದರೆ ಘಟ್ಟ ಹತ್ತುವಾಗ ಫ್ಲೈಟ್ ಮೋಡ್ ಹಾಕಿಬಿಡಿ.

ಇಷ್ಟಾದ ಮೇಲೂ ಹೊಸ ಇಯರ್‌ಫೋನೇ ಬೇಕಾದರೆ, ಐಫೋನಿಗೆಂದು ಮಾಡಿದ ದುಂಡು ಪಿನ್ನಿನದನ್ನು ಆಂಡ್ರಾಯ್ಡಿಗೆ ತೆಗೆದುಕೊಳ್ಳಬೇಡಿ. ಅದರ ನಡುವಿನ ಬಟನ್ ಕೆಲಸ ಮಾಡುತ್ತದೆ, ವಾಲ್ಯೂಮ್ ಬಟನ್ ಸಾಮಾನ್ಯವಾಗಿ ಮಾಡುವುದಿಲ್ಲ.