ಎಕ್ಮೋ ಹಾಕಿದ್ರು ಅಂದ್ರೆ ಕೈ ಬಿಟ್ರು ಅಂತಾನಾ?

ಪ್ರಶ್ನೆ: ಡಾಕ್ಟ್ರೇ, ನಮ್ದು ಮದ್ದೂರು ಹತ್ರ ಹಳ್ಳಿ. ನಮ್ಮಪ್ಪಂಗೆ 61 ವರ್ಷ, ಶುಗರ್ರೂ ಐತೆ. ಮೈಸೂರಲ್ಲಿ ಬೈಪಾಸ್ ಮಾಡಿದ್ರು, ಆಮೇಲೆ ಹಾರ್ಟು ಪಿಕಪ್ ಆಗ್ತಿಲ್ಲ ಅಂತ ಮೊದ್ಲು ಬಲೂನ್ ಹಾಕಿದ್ರು, ರಾತ್ರಿ ಎಕ್ಮೋ ಮಿಷನ್ನಿಗೆ ಹಾಕಿದ್ರು. ಆರನೇ ದಿನ ತೆಗುದ್ರು, ಈಗ ಮನೇಲವ್ರೆ, ನಿಧಾನಕ್ಕೆ ಓಡಾಡ್ತಾವ್ರೆ. ಊರೋರು ಮಾತ್ರ ‘ಅದು ಜೀವ ಹೋದೋರ್ನ ಇಟ್ಕಂಡು ಬಿಲ್ ಏರ್ಸೋ ಮಿಷನ್ನು, ನಿಮ್ಮಪ್ಪಂದೇನೋ ಪುಣ್ಯ’ ಅಂತಾರೆ. ಈಗ ಚಿಕ್ಕಪ್ಪಂಗೂ ಬೈಪಾಸ್ ಹೇಳವ್ರೆ, ಅವ್ರು ಇದ್ನೆಲ್ಲಾ ಕೇಳಿ ಒಲ್ಲೆ ಅಂತ ಕೂತವ್ರೆ.

ಉತ್ತರ: ಮೊದ್ಲು ಅಪ್ಪ ಮನೆಗ್ ಬಂದ್ರಲ್ಲ, ಸಂತೋಷ. ಬೈಪಾಸ್‌ನಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಇರೋ ದ್ರಾವಣ ಕೊಟ್ಟು ಹಾರ್ಟನ್ನ ಬೇಕಂತಲೇ ನಿಲ್ಲಿಸ್ತಾರೆ, ಅಷ್ಟೊತ್ತು ಹಾರ್ಟ್-ಲಂಗ್ ಮಿಷನ್ನೇ ರಕ್ತ ಓಡಿಸುತ್ತೆ. ಕೆಲಸ ಮುಗುದ್ಮೇಲೆ ಹಾರ್ಟು ಮತ್ತೆ ಹೊಡ್ಕೊಳ್ಳೋಕೆ ಶುರು ಮಾಡುತ್ತೆ, ಆದ್ರೆ ಕೆಲವರಿಗೆ ಸ್ನಾಯು ಮಂಕಾಗಿಬಿಡುತ್ತೆ, ಸತ್ತಿರಲ್ಲ, ಚೇತರಿಸ್ಕೊಳ್ಳೋಕೆ ಒಂದಷ್ಟು ದಿನ ಬೇಕು. ಹೆಚ್ಚಿನೋರಿಗೆ ಔಷಧಿ ಡ್ರಿಪ್ಪಲ್ಲೇ ಸರಿಹೋಗುತ್ತೆ, ಎಕ್ಮೋವರೆಗೂ, ಅಂದ್ರೆ ಹಾರ್ಟು-ಶ್ವಾಸಕೋಶದ ಕೆಲಸನ ಮೈ ಹೊರಗಿಂದ ಮಾಡೋ ಮಿಷನ್‌ವರೆಗೂ, ಹೋಗೋರು ನೂರಕ್ಕೆ ಒಬ್ಬರ ಆಸುಪಾಸು.

ಬಲೂನು ಅಂದ್ರೆ ತೊಡೆಸಂದಿನ ರಕ್ತನಾಳದಿಂದ ಎದೆಯೊಳಗಿನ ಮಹಾಧಮನಿಗೆ ತೂರ್ಸೋದು. ಹಾರ್ಟು ಸಡಿಲ ಆದಾಗ ಅದು ಉಬ್ಬಿ ಹಾರ್ಟಿನ ಸ್ವಂತ ನಾಳಗಳಿಗೆ ರಕ್ತ ತಳ್ಳುತ್ತೆ, ಹಾರ್ಟು ಒತ್ತೋ ಮುಂಚೆ ಕುಗ್ಗುತ್ತೆ. ಇದು ಬರೀ ಒತ್ತಾಸೆ, ಹಾರ್ಟೇ ಕೈಕೊಟ್ರೆ ಇದರಿಂದ ಆಗಲ್ಲ. ಆಗ ಎಕ್ಮೋ. ನೀವು ಐಸಿಯು ಒಳಗೆ ಹೋಗಿದ್ರೆ ಹೆಬ್ಬೆರಳ ಗಾತ್ರದ ಎರಡು ಪೈಪ್ ನೋಡಿರ್ತೀರ, ಕಪ್ಪಗಿರೋದ್ರಲ್ಲಿ ರಕ್ತ ಆಚೆ ಬರುತ್ತೆ, ಆಕ್ಸಿಜನ್ ಬೆರೆತು ಕೆಂಪಗೆ ಇನ್ನೊಂದರಲ್ಲಿ ಒಳಗೆ ಹೋಗುತ್ತೆ, ನಿಮಿಷಕ್ಕೆ ನಾಲ್ಕೈದು ಲೀಟರ್. ಎತ್ತಿನ ಹೆಗಲಿಂದ ನೊಗ ಇಳಿಸಿದ ಹಂಗೆ, ಹಾರ್ಟಿಗೆ ಸುಧಾರಿಸ್ಕೊಳ್ಳೋಕೆ ಟೈಮ್ ಸಿಗುತ್ತೆ. ಈ ಯೋಚನೆ ಹೊಸದೇನಲ್ಲ, 1966ರಲ್ಲೇ ಅಮೆರಿಕಾದ ಹ್ಯೂಸ್ಟನ್‌ನಲ್ಲಿ ಡಾ. ಮೈಕೆಲ್ ಡಿಬೇಕಿ ಅವರು ವಾಲ್ವ್ ಆಪರೇಷನ್ ಆದ ಹೆಂಗಸೊಬ್ಬರಿಗೆ ಹತ್ತು ದಿನ ಪಂಪ್ ಇಟ್ಟು ತೆಗೆದ್ರು, ಆಕೆ ಹುಷಾರಾದ್ರು.

ಊರೋರ ಮಾತನ್ನ ಪೂರ್ತಿ ತಳ್ಳಿಹಾಕೋಕೂ ಆಗಲ್ಲ ಅನ್ನಿ. ಆಪರೇಷನ್ ಆದ್ಮೇಲೆ ಎಕ್ಮೋಗೆ ಹೋದೋರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಮನೆಗೆ ವಾಪಸ್ ಬರಲ್ಲ, ಒಳ್ಳೊಳ್ಳೆ ಆಸ್ಪತ್ರೆಗಳಲ್ಲೂ ಅಷ್ಟೇ. ರಕ್ತ ಹೆಪ್ಪುಗಟ್ಟಬಾರದು ಅಂತ ಹೆಪಾರಿನ್ ಕೊಡ್ತಾರೆ, ಅದರಿಂದ ಬ್ಲೀಡಿಂಗ್ ಆಗಬಹುದು. ಮಿಷನ್ನಲ್ಲಿ ಇರುವಾಗ ಸ್ಟ್ರೋಕ್ ಆಗಬಹುದು, ಕಿಡ್ನಿ ನಿಂತು ಡಯಾಲಿಸಿಸ್ ಬೇಕಾಗಬಹುದು. ತೊಡೆಯಲ್ಲಿ ಪೈಪ್ ಇದ್ರೆ ಆ ಕಾಲಿಗೆ ರಕ್ತ ಕಮ್ಮಿಯಾಗುತ್ತೆ, ನರ್ಸ್‌ಗಳು ಪದೇ ಪದೇ ಪಾದ ಮುಟ್ಟಿ ತಣ್ಣಗಾಗಿದ್ಯಾ ಅಂತ ನೋಡೋದು ಅದಕ್ಕೇ. ಹಾಗಾಗಿ ಮಿಷನ್ ಹಾಕಿದ ದಿನವೇ ‘ಸರ್, ಯಾವುದಕ್ಕೆ ಕಾಯ್ತಿದೀವಿ, ಯಾವತ್ತು ಕೂತು ತೀರ್ಮಾನ ಮಾಡೋಣ’ ಅಂತ ಮನೆಯೋರು ಕೇಳ್ಬೇಕು, ಕೇಳಿದ್ರೆ ಯಾವ ಒಳ್ಳೆ ಡಾಕ್ಟ್ರೂ ಬೇಜಾರ್ ಮಾಡ್ಕೊಳಲ್ಲ. ಆಮೇಲೆ ದಿನಾ, ಮಿಷನ್ ವೇಗ ಇಳಿಸಿ ಎಕೋ (ಹಾರ್ಟಿನ ಸ್ಕ್ಯಾನ್) ಮಾಡಿದಾಗ ಹಾರ್ಟ್ ಹೆಂಗ್ ಒತ್ತುತ್ತೆ, ಲ್ಯಾಕ್ಟೇಟ್ (ಮೈಗೆ ಆಕ್ಸಿಜನ್ ಸಾಲದಾಗ ರಕ್ತದಲ್ಲಿ ಏರೋ ಅಂಶ) ಇಳೀತಿದ್ಯಾ, ಯೂರಿನ್ ಬರ್ತಿದ್ಯಾ, ಎಚ್ಚರ ಇದೆಯಾ ಅಂತ ಕೇಳ್ತಿರ್ಬೇಕು. ಹಾರ್ಟ್ ವಾಪಸ್ ಬರೋದೇ ಇಲ್ಲ ಅಂತಾದ್ರೆ ಉಳಿಯೋದು ಹೃದಯ ಕಸಿ ಇಲ್ಲಾ ಕೃತಕ ಪಂಪ್. ಕಸಿಗೆ ನಮ್ಮ ರಾಜ್ಯದಲ್ಲಿ ಅಂಗದಾನ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ ಜೀವಸಾರ್ಥಕತೆಯ ಪಟ್ಟಿಯಲ್ಲಿ ಹೆಸರು ಬರಬೇಕು. ಎರಡೂ ಆಗಲ್ಲ ಅಂದ್ಮೇಲೂ ಮಿಷನ್ ಓಡಿಸ್ತಾ ಇರೋದರಲ್ಲಿ ನನಗಂತೂ ಅರ್ಥ ಕಾಣಲ್ಲ.

ಚಿಕ್ಕಪ್ಪಂಗೆ ಹೇಳಿ, ಹಾರ್ಟು ಇನ್ನೂ ಗಟ್ಟಿ ಇರುವಾಗ ಮಾಡಿಸ್ಕೊಂಡ್ರೆ ರಿಸ್ಕ್ ಕಮ್ಮಿ, ಅಟ್ಯಾಕ್ ಆಗಿ ಅರ್ಜೆಂಟಲ್ಲಿ ಮಾಡಿಸ್ಕೊಂಡ್ರೆ ಜಾಸ್ತಿ. ಪಂಪಿಂಗ್ ಎಷ್ಟಿದೆ, ಕಿಡ್ನಿ ಹೆಂಗಿದೆ ಅಂತ ಮುಂಚೆನೇ ಕೇಳಲಿ. ಬಿಪಿಎಲ್ ಕಾರ್ಡ್ ಇದ್ರೆ ಆಯುಷ್ಮಾನ್‌ನಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಎಕ್ಮೋ ಬೇಕಾದ್ರೆ ಅದು ಇದರಲ್ಲಿ ಬರುತ್ತಾ ಅಂತ ಅಡ್ಮಿಟ್ ಆಗೋ ಮುಂಚೆನೇ ಕೌಂಟರಲ್ಲಿ ಕೇಳಿ.

ಪ್ರಶ್ನೆ: ನಮ್ಮತ್ತೆಗೆ ಬಲೂನ್ ಹಾಕಿದ್ದಾಗ ಕಾಲು ಮಡಚಿದ್ರೆ ಸಿಸ್ಟರ್ ಬೈತಿದ್ರು, ಯಾಕೆ? (ಕುವೆಂಪುನಗರ, ಮೈಸೂರು)

ಉತ್ತರ: ತೊಡೆಸಂದಿಯಲ್ಲಿ ಟ್ಯೂಬ್ ಬಗ್ಗುತ್ತೆ, ಒಳಗೆ ಹೀಲಿಯಂ ಗ್ಯಾಸ್ ಹೋಗಿ ಬರೋ ದಾರಿ ಕಟ್ ಆಗುತ್ತೆ, ಬಲೂನೂ ಜಾಗ ಬಿಟ್ಟು ಸರಿಯಬಹುದು. ಬೈದಿದ್ದು ಸರಿಯಾಗೇ ಇದೆ.