ನೋಟಕ್ಕೂ ಚೆಂದ, ಬೆನ್ನಿಗೂ ಆಸರೆ: ಹಜಾರಕ್ಕೆ ಲಿನನ್ ಸೋಫಾ ಆರಿಸುವುದು ಹೇಗೆ?

ನಿಮ್ಮ ಪ್ರಶ್ನೆಯಲ್ಲಿ ಎರಡು ಬೇಡಿಕೆಗಳಿವೆ. ಹಜಾರದಲ್ಲಿ ಇಡುವ ಸೋಫಾ ಲಿನನ್ ಬಟ್ಟೆಯದಾಗಿ ನೋಡಲು ಚೆಂದವಾಗಿರಬೇಕು. ಜೊತೆಗೆ ಸಂಜೆ ಎರಡು ಮೂರು ಗಂಟೆ ಕುಳಿತರೂ ಸೊಂಟ ಹಿಡಿದುಕೊಳ್ಳಬಾರದು, ಮಂಡಿನೋವಿರುವ ನಿಮ್ಮ ತಾಯಿಯವರು ಅದರಿಂದ ಒದ್ದಾಡದೆ ಏಳುವಂತಿರಬೇಕು. ಇವೆರಡೂ ಒಂದೇ ಸೋಫಾದಲ್ಲಿ ಸಿಗುವುದು ಸಾಧ್ಯವಿದೆ. ಆದರೆ ಚೆಲುವನ್ನು ಕೊಡುವುದು ಬಟ್ಟೆ, ಆಸರೆಯನ್ನು ಕೊಡುವುದು ಬಟ್ಟೆಯ ಕೆಳಗೆ ಕಣ್ಣಿಗೆ ಬೀಳದಂತಿರುವ ಮರ, ಸ್ಪ್ರಿಂಗ್ ಮತ್ತು ಫೋಮ್. ಆದ್ದರಿಂದ ಸೋಫಾವನ್ನು ಒಳಗಿನಿಂದ ಹೊರಕ್ಕೆ ಆರಿಸಬೇಕು, ಬಟ್ಟೆಯ ಮಾತು ಕೊನೆಗೆ ಬರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಈ ಅಭಿಪ್ರಾಯಕ್ಕೆ ನಾನು ಬಂದದ್ದು ಸರಿಯಾಗಿ ಕೈ ಸುಟ್ಟುಕೊಂಡ ಮೇಲೆ.

ನಾನು ಕೊಂಡ ಮೊದಲ ಲಿನನ್ ಸೋಫಾ ತಿಳಿ ಗೋಧಿಬಣ್ಣದ್ದು. ಅಂಗಡಿಯಲ್ಲಿ ಎರಡು ನಿಮಿಷ ಕುಳಿತು, ಬಟ್ಟೆಯನ್ನು ನಾಲ್ಕು ಸಲ ಸವರಿ, ಅಷ್ಟಕ್ಕೇ ಮರುಳಾಗಿ ಮನೆಗೆ ತರಿಸಿದ್ದೆ. ಎರಡನೆಯ ವರ್ಷ ಮುಗಿಯುವ ಹೊತ್ತಿಗೆ ನಾನು ದಿನವೂ ಕೂರುವ ಮೂಲೆಯಲ್ಲಿ ಹೊಂಡ ಬಿದ್ದಿತ್ತು. ರಿಪೇರಿಗೆ ಬಂದವರು ಅದನ್ನು ಮಗುಚಿ ಹಾಕಿ, ಅಡಿಭಾಗಕ್ಕೆ ಪಿನ್ ಹೊಡೆದಿದ್ದ ಕಪ್ಪು ಬಟ್ಟೆಯನ್ನು ಕಿತ್ತರು. ಒಳಗೆ ಸ್ಪ್ರಿಂಗೇ ಇರಲಿಲ್ಲ. ಮೂರು ಬೆರಳಗಲದ ಎಲಾಸ್ಟಿಕ್ ಪಟ್ಟಿಗಳನ್ನು ಗೇಣಿಗೊಂದರಂತೆ ಎಳೆದು ಪಿನ್ ಹೊಡೆದಿದ್ದರು. ನಾನು ಕೂರುವ ಕಡೆ ಎರಡು ಪಟ್ಟಿಗಳು ಬಿಟ್ಟುಕೊಂಡು ನೇತಾಡುತ್ತಿದ್ದವು. ಕುಶನ್ನಿನ ಜಿಪ್ ಎಳೆದು ಫೋಮನ್ನು ಹೆಬ್ಬೆರಳಿನಿಂದ ಒತ್ತಿದರೆ, ಆ ಗುಳಿ ಮೇಲೆದ್ದು ಬರಲು ತುಂಬಾ ಹೊತ್ತು ಹಿಡಿಯಿತು. ಇಷ್ಟೆಲ್ಲ ಆದರೂ ಮೇಲಿನ ಲಿನನ್ ಮಾತ್ರ ಒಂದು ಎಳೆಯೂ ಸವೆಯದೆ ಹಾಗೆಯೇ ಇತ್ತು. ಮೇಲೆ ಥಳಕು, ಒಳಗೆ ಹುಳುಕು ಎಂಬ ಗಾದೆಗೆ ಅದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾನು ಕಂಡಿಲ್ಲ.

ಚೌಕಟ್ಟು ಚೆನ್ನಾಗಿ ಸೀಸನ್ ಮಾಡಿದ, ಅಂದರೆ ತೇವ ಹೋಗುವಂತೆ ಒಣಗಿಸಿದ, ಗಟ್ಟಿಮರದ್ದಾಗಿರಬೇಕು, ಇಲ್ಲವೇ ಹಲವು ಪದರಗಳ ದಪ್ಪ ಪ್ಲೈವುಡ್‌ನದ್ದಾಗಿರಬೇಕು. ಹಸಿ ಮರ ಒಣಗುತ್ತಾ ಕುಗ್ಗಿ ತಿರುಚಿಕೊಳ್ಳುವುದರಿಂದ ಸಂದುಗಳು ಸಡಿಲವಾಗಿ ಕಿರುಗುಟ್ಟಲು ತೊಡಗುತ್ತವೆ. ಮರದ ಚೂರುಗಳನ್ನು ಅಂಟು ಹಾಕಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್ ಸ್ಕ್ರೂವನ್ನು ಬಹುಕಾಲ ಹಿಡಿದುಕೊಳ್ಳುವುದಿಲ್ಲ. ಮೂಲೆಗಳಿಗೆ ಅಡ್ಡಲಾಗಿ ಮರದ ತುಂಡು ಕೂರಿಸಿ, ಅಂಟು ಹಾಕಿ, ಸ್ಕ್ರೂ ಬಿಗಿದಿದ್ದಾರೆಯೇ ಎಂದು ಕೇಳಿ. ಅಂಗಡಿಯಲ್ಲೇ ಮಾಡಬಹುದಾದ ಒಂದು ಪರೀಕ್ಷೆಯೂ ಇದೆ. ಸೋಫಾದ ಮುಂಭಾಗದ ಒಂದು ಮೂಲೆಯನ್ನು ಹಿಡಿದು ಒಂದು ಗೇಣಿಗಿಂತ ಸ್ವಲ್ಪ ಕಡಿಮೆ, ಅಂದರೆ ಸುಮಾರು 15 ಸೆಂಟಿಮೀಟರ್ ಎತ್ತಿ. ಅಷ್ಟರೊಳಗೆ ಮುಂದಿನ ಇನ್ನೊಂದು ಕಾಲೂ ನೆಲ ಬಿಟ್ಟು ಮೇಲೇಳಬೇಕು. ಅದು ನೆಲಕ್ಕೇ ಅಂಟಿಕೊಂಡಿದ್ದರೆ ಚೌಕಟ್ಟು ತಿರುಚಿಕೊಳ್ಳುತ್ತಿದೆ ಎಂದರ್ಥ. ಆಸನದ ಅಡಿಯಲ್ಲಿ ಹಾವಿನಂತೆ ಅಂಕುಡೊಂಕಾಗಿ ಬಾಗಿದ ಉಕ್ಕಿನ ಸ್ಪ್ರಿಂಗುಗಳಿದ್ದು, ಅವುಗಳನ್ನು ಅಡ್ಡತಂತಿಯಿಂದ ಒಂದಕ್ಕೊಂದು ಕಟ್ಟಿದ್ದರೆ ಮನೆಬಳಕೆಗೆ ಧಾರಾಳವಾಗಿ ಸಾಕು. ಸುರುಳಿ ಸ್ಪ್ರಿಂಗುಗಳನ್ನು ಒಂದೊಂದಾಗಿ ಎಂಟು ದಿಕ್ಕಿಗೂ ಹುರಿಯಿಂದ ಕಟ್ಟುವ ಹಳೆಯ ಕ್ರಮ ಇನ್ನೂ ಮೇಲ್ಮಟ್ಟದ್ದು, ಆದರೆ ಅದು ಕೈಕೆಲಸವಾದ್ದರಿಂದ ದುಬಾರಿ. ಪಟ್ಟಿಗಳನ್ನು ಹಾಕಿದ್ದರೂ ತಪ್ಪಿಲ್ಲ. ಅವು ಅಗಲವಾಗಿದ್ದು, ಚಾಪೆಯಂತೆ ಹೆಣೆದು, ಒತ್ತೊತ್ತಾಗಿ ಬಿಗಿದಿರಬೇಕು.

ಫೋಮಿನ ವಿಷಯದಲ್ಲಿ ಬಹಳ ಜನ ಎಡವುವುದು ಸಾಂದ್ರತೆ ಮತ್ತು ಗಡಸುತನ ಎಂಬ ಎರಡು ಬೇರೆ ಬೇರೆ ಗುಣಗಳನ್ನು ಒಂದೇ ಎಂದುಕೊಳ್ಳುವುದರಿಂದ. ಸಾಂದ್ರತೆ ಎಂದರೆ ಒಂದು ಘನ ಮೀಟರ್ ಫೋಮಿನ ತೂಕ ಎಷ್ಟು ಕಿಲೋ ಎಂಬ ಲೆಕ್ಕ. ಫೋಮ್ ಎಷ್ಟು ವರ್ಷ ಬಾಳುತ್ತದೆ ಎಂಬುದನ್ನು ಅದು ಹೇಳುತ್ತದೆ. ಕುಳಿತಾಗ ಎಷ್ಟು ಕುಸಿಯುತ್ತದೆ ಎಂಬುದನ್ನು ಹೇಳುವುದು ಗಡಸುತನ. ಕಡಿಮೆ ಸಾಂದ್ರತೆಯ ಫೋಮನ್ನೂ ಗಡುಸಾಗಿ ಮಾಡಬಹುದು, ಅಂಗಡಿಯಲ್ಲಿ ಅದು ಗಟ್ಟಿಮುಟ್ಟಾಗಿಯೇ ತೋರುತ್ತದೆ, ಆದರೆ ದಿನಬಳಕೆಯಲ್ಲಿ ಬಹುಬೇಗ ಕುಗ್ಗಿಹೋಗುತ್ತದೆ. ನನ್ನ ಮೊದಲ ಸೋಫಾದಲ್ಲಿ ಆದದ್ದು ಇದೇ ಇರಬೇಕು. ಆಸನದ ಕುಶನ್ನಿಗೆ ಘನ ಮೀಟರಿಗೆ 32 ಕಿಲೋಗಿಂತ ಕಡಿಮೆ ಸಾಂದ್ರತೆಯದ್ದನ್ನು ಒಪ್ಪಬೇಡಿ. 40ರ ಆಸುಪಾಸಿನದು ಸಿಕ್ಕರೆ ಇನ್ನೂ ನಿಶ್ಚಿಂತೆ. ಒರಗುವ ಕುಶನ್ನಿನ ಮೇಲೆ ಅಷ್ಟು ಭಾರ ಬೀಳದ ಕಾರಣ ಅದು ಹಗುರವಾಗಿದ್ದರೂ ನಡೆಯುತ್ತದೆ. ಹೈ ರೆಸಿಲಿಯೆನ್ಸ್ ಎಂದು ಕರೆಯುವ ಬಗೆಯ ಫೋಮ್, ಒತ್ತಿದ ಕೂಡಲೇ ಮರಳಿ ಎದ್ದು ಬರುವುದರಿಂದ ಆಸನಕ್ಕೆ ಹೆಚ್ಚು ಹೊಂದುತ್ತದೆ. ಪೂರ್ತಿ ಗರಿ ತುಂಬಿದ ಕುಶನ್ ಮೈಮರೆಸುವಷ್ಟು ಮೆತ್ತಗಿರುತ್ತದೆ, ನಿಜ, ಆದರೆ ಬೆನ್ನಿಗೆ ಅದರಿಂದ ಏನೂ ಸಿಗುವುದಿಲ್ಲ, ಪ್ರತಿಸಲ ಎದ್ದಾಗಲೂ ತಟ್ಟಿ ಉಬ್ಬಿಸುವ ಕೆಲಸ ಬೇರೆ. ಗಟ್ಟಿ ಫೋಮಿನ ತಿರುಳಿಗೆ ಮೇಲೆ ತೆಳುವಾಗಿ ಗರಿಯನ್ನೋ ಪಾಲಿಯೆಸ್ಟರ್ ನಾರನ್ನೋ ಸುತ್ತಿದ ಕುಶನ್ ಒಳ್ಳೆಯ ನಡುದಾರಿ. ಈಗ ನನ್ನ ಮನೆಯಲ್ಲಿರುವುದು ಅದೇ.

ಇನ್ನು ಅಳತೆಗಳು. ಲಿನನ್ ಸೋಫಾದ ಚಿತ್ರಗಳಲ್ಲಿ ನಮ್ಮ ಮನಸ್ಸನ್ನು ಸೆಳೆಯುವ ರೂಪ ಯಾವುದು ಎಂದು ನೆನಪಿಸಿಕೊಳ್ಳಿ: ನೆಲಕ್ಕೆ ಹತ್ತಿರವಾಗಿ, ಬಹಳ ಆಳವಾಗಿ, ಸಡಿಲ ದಿಂಬುಗಳನ್ನು ಹರಡಿಕೊಂಡು ಆಲಸ್ಯದಿಂದ ಮಲಗಿದಂತಿರುವ ರೂಪ. ಕಾಲು ಚಾಚಿ ಒರಗುವವರಿಗೆ ಅದು ಸುಖವೇ. ಆದರೆ ಪಾದ ನೆಲಕ್ಕೂರಿ, ಬೆನ್ನನ್ನು ಹಿಂದಕ್ಕೆ ಆನಿಸಿ ಕೂರಬೇಕೆನ್ನುವವರಿಗೆ 60 ಸೆಂಟಿಮೀಟರಿಗಿಂತ ಆಳವಾದ ಆಸನದಲ್ಲಿ ಒಂದೋ ಬೆನ್ನು ಒರಗನ್ನು ಮುಟ್ಟುವುದಿಲ್ಲ, ಇಲ್ಲವೇ ಪಾದ ನೆಲ ಬಿಡುತ್ತದೆ. ಕೊನೆಗೆ ಜಾರಿ ಕುಳಿತು ಸೊಂಟವನ್ನು ಗೂನಾಗಿಸಿಕೊಳ್ಳುತ್ತೇವೆ. ಸಾಮಾನ್ಯ ಎತ್ತರದವರಿಗೆ, ಮುಂದಿನ ಅಂಚಿನಿಂದ ಒರಗಿನವರೆಗೆ 50ರಿಂದ 56 ಸೆಂಟಿಮೀಟರ್ ಆಳ ಹಿತವಾಗಿರುತ್ತದೆ. ನಿಮ್ಮದೇ ಅಳತೆ ಬೇಕಿದ್ದರೆ, ಗೋಡೆಗೆ ಒತ್ತಿಟ್ಟ ಸ್ಟೂಲಿನ ಮೇಲೆ ಗೋಡೆಗೆ ಬೆನ್ನು ಕೊಟ್ಟು ನೆಟ್ಟಗೆ ಕುಳಿತು, ಗೋಡೆಯಿಂದ ಮಂಡಿಯ ಹಿಂಬದಿಯವರೆಗೆ ಟೇಪಿನಿಂದ ಅಳೆದು, ಅದರಲ್ಲಿ 5 ಸೆಂಟಿಮೀಟರ್ ಕಳೆಯಿರಿ. ಮನೆಯಲ್ಲಿ ಒಬ್ಬರು ಬಹಳ ಎತ್ತರ, ಇನ್ನೊಬ್ಬರು ಕುಳ್ಳಗೆ ಇದ್ದರೆ ತುಸು ಆಳದ ಸೋಫಾ ಕೊಂಡು ಕುಳ್ಳಗಿರುವವರ ಸೊಂಟಕ್ಕೊಂದು ಗಟ್ಟಿ ದಿಂಬು ಕೊಡಬಹುದು. ಇದರ ತಿರುಗುಮುರುಗು ನಡೆಯದು.

ತಾಯಿಯವರ ಮಂಡಿಯ ದೃಷ್ಟಿಯಿಂದ ಆಸನದ ಎತ್ತರ ಇನ್ನೂ ಮುಖ್ಯ. ಕ್ಯಾಟಲಾಗಿನಲ್ಲಿ 45 ಸೆಂಟಿಮೀಟರ್ ಎಂದು ಬರೆದಿರುವುದು ಸಾಮಾನ್ಯವಾಗಿ ಯಾರೂ ಕೂರದಿರುವಾಗಿನ ಎತ್ತರ. ಕುಳಿತ ಮೇಲೆ ಅದು ನಾಲ್ಕೈದು ಸೆಂಟಿಮೀಟರ್ ಕುಸಿಯುತ್ತದೆ. ಅವರು ಕುಳಿತಿರುವಾಗ ಮಂಡಿಯು ಸೊಂಟಕ್ಕಿಂತ ಮೇಲೆ ಬರಬಾರದು. ಅಲ್ಲದೆ ಸೋಫಾದ ಕೈಗಳು ಆಸನದ ಮುಂಬದಿಯವರೆಗೂ ಬಂದಿರಬೇಕು, ಊರಿ ಏಳುವಾಗ ಬಾಗದಷ್ಟು ಗಟ್ಟಿಯಾಗಿರಬೇಕು. ಕೈಯ ಜಾಗದಲ್ಲಿ ಬರಿಯ ದಿಂಬಿಟ್ಟ ಮಾದರಿಗಳನ್ನು ನೀವು ನೋಡದಿರುವುದೇ ಒಳ್ಳೆಯದು.

ಒಳಗಿನದೆಲ್ಲ ಒಪ್ಪಿಗೆಯಾದ ಮೇಲೆ ಬಟ್ಟೆಗೆ ಬರೋಣ. ಲಿನನ್ ಅಗಸೆ ಗಿಡದ ಕಾಂಡದಿಂದ ತೆಗೆದ ನಾರು. ಹತ್ತಿಗಿಂತ ಬಲವಾದದ್ದು, ಒದ್ದೆಯಾದರೆ ಅದರ ಬಲ ಇನ್ನೂ ಹೆಚ್ಚುತ್ತದೆ. ಬೆವರನ್ನು ಬೇಗ ಹೀರಿ ಬೇಗ ಆರಿಸುವುದರಿಂದ ಸೆಕೆಯಲ್ಲಿ ಮೈಗೆ ಅಂಟುವುದಿಲ್ಲ. ಆದರೆ ಅದಕ್ಕೆ ಎಳೆತ ಎಂಬುದು ಬಹಳ ಕಡಿಮೆ: ಶೇಕಡಾ 2ರಿಂದ 3ರಷ್ಟು ಹಿಗ್ಗುವಷ್ಟರಲ್ಲಿ ನಾರು ಹರಿಯುತ್ತದೆ, ಬಾಗಿದರೆ ಮಡಿಕೆಯನ್ನು ನೆನಪಿಟ್ಟುಕೊಳ್ಳುತ್ತದೆ. ಲಿನನ್ ಸುಕ್ಕುಗಟ್ಟುವುದು ಈ ಕಾರಣದಿಂದಲೇ ಹೊರತು ಕಳಪೆ ನೇಯ್ಗೆಯಿಂದಲ್ಲ. ಆ ಸುಕ್ಕನ್ನು ಕಂಡು ಪ್ರತಿದಿನ ಕಸಿವಿಸಿಪಡುವ ಸ್ವಭಾವ ನಿಮ್ಮದಾದರೆ ಶುದ್ಧ ಲಿನನ್ನಿನ ಆಸೆಯನ್ನು ಈಗಲೇ ಬಿಟ್ಟುಬಿಡಿ. ಹತ್ತಿ ಅಥವಾ ಪಾಲಿಯೆಸ್ಟರ್ ಬೆರೆಸಿದ ಬಟ್ಟೆ ನಿಮಗೆ ಹೆಚ್ಚು ನೆಮ್ಮದಿ ಕೊಡುತ್ತದೆ. ಬೆರಕೆ ಎಂದರೆ ಮೋಸ ಎಂಬ ಭಾವನೆ ನನಗೂ ಇತ್ತು. ಈಗ ಇಲ್ಲ, ಏಕೆಂದರೆ ದಿನವೂ ಉಜ್ಜಿಹೋಗುವ ಸೋಫಾದ ಮೇಲೆ ಪಾಲಿಯೆಸ್ಟರ್ ಎಳೆ ಸವೆತವನ್ನು ತಡೆಯುತ್ತದೆ, ಲಿನನ್ ಎಳೆ ಆ ಉಬ್ಬುತಗ್ಗಿನ ಒರಟು ಚೆಲುವನ್ನು ಕೊಡುತ್ತದೆ.

ಸವೆತವನ್ನು ಅಳೆಯಲು ಮಾರ್ಟಿಂಡೇಲ್ ಎಂಬ ಪರೀಕ್ಷೆಯಿದೆ. ಬಟ್ಟೆಯನ್ನು ಉಣ್ಣೆಯ ಬಟ್ಟೆಯಿಂದ ನಿಗದಿತ ಒತ್ತಡದಲ್ಲಿ ಉಜ್ಜುತ್ತಾ ಎಷ್ಟು ಸುತ್ತಿಗೆ ಎಳೆ ಹರಿಯುತ್ತದೆ ಎಂದು ಎಣಿಸುತ್ತಾರೆ. ದಿನಬಳಕೆಯ ಹಜಾರಕ್ಕೆ 20,000 ಸುತ್ತಿಗಿಂತ ಮೇಲಿನದು ಇರಲಿ. ಮಕ್ಕಳಿರುವ ಮನೆಯಾದರೆ 30,000ದ ಹತ್ತಿರದ್ದು ವಾಸಿ. ಅಂಕಿ ಗೊತ್ತಾಗದಿದ್ದರೆ ಬಟ್ಟೆಯ ತುಂಡನ್ನು ಬೆಳಕಿಗೆ ಹಿಡಿಯಿರಿ: ಎಳೆಗಳ ನಡುವೆ ಬೆಳಕು ಜರಡಿಯಂತೆ ಸೋರಿದರೆ ಅದು ಪರದೆಗೆ ಯೋಗ್ಯ, ಸೋಫಾಕ್ಕಲ್ಲ. ಸಡಿಲ ನೇಯ್ಗೆಯಲ್ಲಿ ಬೆಕ್ಕಿನ ಉಗುರೂ ಸಲೀಸಾಗಿ ಸಿಕ್ಕಿಕೊಳ್ಳುತ್ತದೆ.

ಹೊದಿಕೆ ಬಿಚ್ಚಲು ಬರುವಂತಿದ್ದರೆ ಅನುಕೂಲ, ಆದರೆ ಜಿಪ್ ಇದೆ ಎಂದ ಮಾತ್ರಕ್ಕೆ ಅದನ್ನು ಒಗೆಯಬಹುದು ಎಂದುಕೊಳ್ಳಬೇಡಿ. ಮೊದಲೇ ಒಗೆದು ಕುಗ್ಗಿಸದ ಲಿನನ್ ಮೊದಲ ನೀರಿಗೇ ಕುಗ್ಗಿ, ಕುಶನ್ನಿಗೆ ಮತ್ತೆ ಹತ್ತದೆ ಕೂರುತ್ತದೆ. ಲೇಬಲ್ಲಿನಲ್ಲಿ ‘ಡಬ್ಲ್ಯೂ’ ಅಕ್ಷರವಿದ್ದರೆ ನೀರು ಬೆರೆತ ಕ್ಲೀನರ್ ಬಳಸಬಹುದು, ‘ಎಸ್’ ಇದ್ದರೆ ನೀರಿಲ್ಲದ ಡ್ರೈಕ್ಲೀನಿಂಗ್ ದ್ರಾವಣ ಮಾತ್ರ, ‘ಎಕ್ಸ್’ ಇದ್ದರೆ ವ್ಯಾಕ್ಯೂಮ್ ಬಿಟ್ಟು ಬೇರೇನೂ ಸಲ್ಲದು. ಕಾಫಿ ಚೆಲ್ಲಿದರೆ ಉಜ್ಜದೆ ಬಿಳಿ ಬಟ್ಟೆಯಿಂದ ಒತ್ತಿ ಹೀರಿಸಿ, ಅಂಚಿನಿಂದ ನಡುವಿಗೆ ಬನ್ನಿ. ಉಜ್ಜಿದರೆ ಕಲೆ ಹರಡುವುದಲ್ಲದೆ ನೂಲಿನ ನವಿರು ಎದ್ದು ಆ ಜಾಗ ಶಾಶ್ವತವಾಗಿ ಮಂಕಾಗಿ ಕಾಣುತ್ತದೆ.

ಅಂದದ ವಿಷಯದಲ್ಲಿ ನನ್ನ ರುಚಿ ನಿಮ್ಮದಾಗಬೇಕಿಲ್ಲ, ಆದರೂ ಎರಡು ಮಾತು ಹೇಳುತ್ತೇನೆ. ಲಿನನ್ ಮೇಲ್ಮೈಯಲ್ಲೇ ದಪ್ಪ-ತೆಳು ಎಳೆಗಳ ಆಟವಿರುವುದರಿಂದ ಸೋಫಾದ ರೇಖೆಗಳು ಸರಳವಾಗಿದ್ದಷ್ಟೂ ಅದು ಬೆಳಗುತ್ತದೆ; ಗುಂಡಿ ಒತ್ತಿ ಗುಳಿಬೀಳಿಸಿದ ಒರಗು ಈ ಬಟ್ಟೆಗೆ ಒಗ್ಗುವುದಿಲ್ಲ. ಉದ್ದದ ಒಂದೇ ಆಸನಕುಶನ್ ಚಿತ್ರದಲ್ಲಿ ಸೊಗಸು, ಬಳಕೆಯಲ್ಲಿ ಬಟ್ಟೆ ನಡುವೆ ಜೋತು ನೆರಿಗೆಗಟ್ಟುತ್ತದೆ; ಎರಡು ಮೂರಾಗಿ ಬಿಡಿಸಿದ್ದರೆ ಬಿಗಿಯಾಗಿ ನಿಲ್ಲುತ್ತದೆ, ಸ್ಥಳ ಬದಲಿಸಿ ಎಲ್ಲವನ್ನೂ ಸಮನಾಗಿ ಸವೆಸಬಹುದು. ಬಣ್ಣ ಹಾಕಿದ ಲಿನನ್, ಅದರಲ್ಲೂ ಕಡುನೀಲಿಯಂಥ ಗಾಢ ಬಣ್ಣದ್ದು, ಕಿಟಕಿಯ ಬಿಸಿಲಿಗೆ ಪಟ್ಟೆಪಟ್ಟೆಯಾಗಿ ಮಾಸುವುದು ಎದ್ದು ಕಾಣುತ್ತದೆ. ನಾರಿನ ಸಹಜ ಬೂದುಗಂದು ಬಣ್ಣದಲ್ಲಿ ಆ ಭಯ ಕಡಿಮೆ, ಧೂಳೂ ಅಷ್ಟಾಗಿ ತೋರದು.

ಕೊಳ್ಳುವ ಮುನ್ನ ಬಟ್ಟೆಯ ತುಂಡನ್ನು ಮನೆಗೆ ತಂದು ಸೋಫಾ ಇಡುವ ಜಾಗದಲ್ಲೇ ಹಗಲಲ್ಲೊಮ್ಮೆ, ದೀಪದಲ್ಲೊಮ್ಮೆ ನೋಡಿ. ಮುಷ್ಟಿಯಲ್ಲಿ ಅರ್ಧ ನಿಮಿಷ ಬಿಗಿಹಿಡಿದು ಬಿಡಿ. ಆಗ ಕಾಣುವ ಸುಕ್ಕೇ ಮುಂದೆ ನಿಮ್ಮ ಹಜಾರದಲ್ಲಿ ಕಾಣುವ ಸುಕ್ಕು. ಒಂದು ಹನಿ ನೀರು ಹಾಕಿ ಆರಿದ ಮೇಲೆ ಉಂಗುರದಂತೆ ಗುರುತು ಉಳಿಯುತ್ತದೆಯೇ ಎಂದು ಗಮನಿಸಿ. ಬಾಗಿಲು ಮತ್ತು ಮೆಟ್ಟಿಲ ತಿರುವುಗಳನ್ನು ಅಳೆದುಕೊಂಡು, ತಾಯಿಯವರನ್ನೂ ಜೊತೆಗೆ ಕರೆದುಕೊಂಡು ಅಂಗಡಿಗೆ ಹೋಗಿ. ಆರಿಸಿಕೊಂಡ ಸೋಫಾದಲ್ಲಿ ಅವರನ್ನು ಒಂದಿಪ್ಪತ್ತು ನಿಮಿಷ ಮಾತಿಗೆಳೆದು ಕೂರಿಸಿ. ಬಳಿಕ ಅವರು ನಿಮ್ಮ ಕೈ ಹಿಡಿಯದೆ, ಮುಂದಕ್ಕೆ ತೂಗಾಡದೆ, ಸೋಫಾದ ಕೈಯನ್ನಷ್ಟೇ ಊರಿಕೊಂಡು ಎದ್ದರೆ ಮುಂಗಡ ಕೊಡಿ.